ಗೇರ್ ಬಾಕ್ಸ್ ಇಳಿಸೋಕೆ ಒಪ್ಪೋ ಮುಂಚೆ ಇಷ್ಟು ನೋಡ್ಕೊಳ್ಳಿ

ಹೋದ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ಚಿತ್ರದುರ್ಗದಿಂದ ದಾವಣಗೆರೆಗೆ ವಾಪಸ್ ಬರೋವಾಗ ನನ್ನ ಕಾರಿನ ಗೇರ್ ಕೈಕೊಡ್ತು. ಅಕ್ಕನ ಮನೆ ಇರೋದು ಹೊಳಲ್ಕೆರೆ ರಸ್ತೆ ಕಡೆ, ಅಲ್ಲಿಂದ ಹೊರಡೋವಾಗಲೇ ರಿವರ್ಸ್ ಹಾಕಿದ್ರೆ ಕರ್ರ್ ಅಂತು, ಭಾವ ಪಕ್ಕದಲ್ಲಿ ನಿಂತು "ಕ್ಲಚ್ ಪೂರ್ತಿ ಒತ್ತಿ ಇನ್ನೊಂದ್ಸಲ ಹಾಕಪ್ಪ" ಅಂದ್ರು, ಹಾಕಿದೆ, ಬಿತ್ತು, ಹೊರಟೆ. ಭರಮಸಾಗರದಲ್ಲಿ ಟೀ ಕುಡಿದು ಗಾಡಿ ಎತ್ತೋಣ ಅಂದ್ರೆ ಫಸ್ಟೇ ಬೀಳ್ತಿಲ್ಲ, ಗೇರ್ ಲಿವರ್ ಗೋಡೆಗೆ ತಾಗ್ದಂಗೆ ನಿಂತುಬಿಡ್ತು. ಹೆಂಗೋ ಎಂಜಿನ್ ಆಫ್ ಮಾಡಿ ಫಸ್ಟಿಗೆ ಹಾಕಿ, ಕ್ಲಚ್ ಒತ್ತಿ ಸ್ಟಾರ್ಟ್ ಮಾಡಿ ಊರು ಸೇರಿದೆ. ಮಾರನೇ ದಿನ ಒಂದು ಗ್ಯಾರೇಜಿಗೆ ಹೋದ್ರೆ ಎರಡು ನಿಮಿಷ ಲಿವರ್ ಅಲ್ಲಾಡಿಸಿ ನೋಡಿ "ಗೇರ್ ಬಾಕ್ಸ್ ಹೋಗೈತೆ ಸರ್, ಇಳಿಸ್ಬೇಕು, 38,000 ಇಟ್ಕೊಳ್ಳಿ" ಅಂದ್ಬಿಟ್ರು. ನಾನು ಒಪ್ಕೊಂಡೂ ಬಿಡ್ತಿದ್ದೆ, ಆದ್ರೆ ಭಾವ ಫೋನಲ್ಲಿ ಬೈದು ಹದಡಿ ರಸ್ತೆ ಕಡೆ ಇರೋ ಒಬ್ಬ ಹಳೇ ಮೇಸ್ತ್ರಿ ಹತ್ರ ಕಳಿಸಿದ್ರು.

ಆ ಮೇಸ್ತ್ರಿ ಬಾನೆಟ್ ಕೂಡ ತೆಗೀಲಿಲ್ಲ. ಸೀಟಲ್ಲಿ ಕೂತು ಎಂಜಿನ್ ಆಫ್ ಇಟ್ಕೊಂಡೇ ಒಂದರಿಂದ ಐದು, ಆಮೇಲೆ ರಿವರ್ಸ್, ಎಲ್ಲಾ ಗೇರ್ ಹಾಕಿ ನೋಡಿದ್ರು, ಬೆಣ್ಣೆ ಥರ ಬಿದ್ವು. ಸ್ಟಾರ್ಟ್ ಮಾಡಿ ಹಾಕಿದ್ರು, ಬೀಳ್ಲಿಲ್ಲ. ಕ್ಲಚ್ ಪೆಡಲ್ ಮೂರು ಸಲ ದಬದಬ ಅಂತ ಪಂಪ್ ಮಾಡಿ ಹಾಕಿದ್ರು, ಬಿತ್ತು. "ಬಾಕ್ಸ್ ಗಟ್ಟಿ ಐತೆ ಬಿಡ್ರಿ, ಇದು ಕ್ಲಚ್ ಎಣ್ಣೆ ಕಥೆ" ಅಂದ್ರು. ಬಗ್ಗಿ ನೋಡಿದ್ರೆ ಗೇರ್ ಬಾಕ್ಸ್ ಮೇಲೆ ಹೊರಗಡೆ ಕೂತಿರೋ ಸ್ಲೇವ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬರೋ ಎಣ್ಣೆ ಒತ್ತಡದಿಂದ ಕ್ಲಚ್ ಬಿಡಿಸೋ ಭಾಗ) ರಬ್ಬರ್ ಹೋಗಿ ಎಣ್ಣೆ ಜಿನುಗ್ತಿತ್ತು. ಅದನ್ನ ಬದಲಾಯಿಸಿ, ಏರ್ ತೆಗೆದು, ಹೊಸ ಬ್ರೇಕ್ ಆಯಿಲ್ ಹಾಕಿ ಮಧ್ಯಾಹ್ನ ಊಟದ ಹೊತ್ತಿಗೆ ಗಾಡಿ ಕೈಗೆ ಕೊಟ್ರು. ಆವತ್ತಿಂದ ಆ ಮೇಸ್ತ್ರಿ ಹತ್ರ ಹೋಗಿ ಕೂತು ಕೇಳಿ ಕೇಳಿ ಕಲ್ತಿದ್ದನ್ನ, ನನ್ನ ಗಾಡಿ ಮೇಲೆ ಮತ್ತೆ ನಮ್ಮ ಮನೆಯವರ ನಾಲ್ಕೈದು ಗಾಡಿ ಮೇಲೆ ಮಾಡಿ ನೋಡಿದ್ದನ್ನ ಇಲ್ಲಿ ಬರೀತಿದೀನಿ. ಕಷ್ಟಪಟ್ಟು ದುಡಿದ ದುಡ್ಡು ಸುಮ್ಸುಮ್ನೆ ಯಾರ ಕೈಲೂ ಹೋಗ್ಬಾರದು ಅನ್ನೋದೇ ನನ್ನ ಆಸೆ.

ಮೊದಲು ಎಂಜಿನ್ ಆಫ್ ಮಾಡಿ ಗೇರ್ ಹಾಕಿ

ಗೇರ್ ಬೀಳ್ತಿಲ್ಲ, ಗಟ್ಟಿ ಆಗೈತೆ ಅಂದ್ರೆ ಇದೇ ಫಸ್ಟ್ ಟೆಸ್ಟು. ಗಾಡಿ ಸಮ ಇರೋ ಜಾಗದಲ್ಲಿ ನಿಲ್ಸಿ, ಹ್ಯಾಂಡ್ ಬ್ರೇಕ್ ಹಾಕಿ, ಎಂಜಿನ್ ಆಫ್ ಮಾಡಿ, ಕ್ಲಚ್ ಒತ್ತಿ ಎಲ್ಲಾ ಗೇರ್ ಒಂದೊಂದೇ ಹಾಕಿ ನೋಡಿ. ಆಫಲ್ಲಿ ಸಲೀಸಾಗಿ ಬಿದ್ದು, ಸ್ಟಾರ್ಟಲ್ಲಿ ಬೀಳದೇ ಇದ್ರೆ ತಪ್ಪು ಬಹುತೇಕ ಕ್ಲಚ್‌ದು, ಗೇರ್ ಬಾಕ್ಸ್‌ದಲ್ಲ. ಯಾಕಂದ್ರೆ ಪೆಡಲ್ ಒತ್ತಿದ್ರೂ ಕ್ಲಚ್ ಪ್ಲೇಟು ಫ್ಲೈವೀಲ್ (ಎಂಜಿನ್ ಜೊತೆ ತಿರುಗೋ ಭಾರದ ಚಕ್ರ) ಬಿಟ್ಟು ಪೂರ್ತಿ ಹಿಂದಕ್ಕೆ ಬರ್ತಿಲ್ಲ, ಎಂಜಿನ್ನು ಬಾಕ್ಸ್ ಒಳಗಿನ ಶಾಫ್ಟನ್ನ ತಿರುಗಿಸ್ತಾನೇ ಐತೆ, ತಿರುಗೋ ಗೇರಿಗೆ ನಿಂತಿರೋ ಗೇರ್ ಸೇರಿಸೋಕೆ ಹೋದ್ರೆ ಬೀಳಲ್ಲ, ಬಲವಂತ ಮಾಡಿದ್ರೆ ಕರ್ರ್ ಅಂತೈತೆ. ಆಫಲ್ಲೂ ಗಟ್ಟಿ ಇದ್ರೆ ಆಗ ಗೇರ್ ಕೇಬಲ್ಲು, ಲಿಂಕೇಜು (ಲಿವರಿಂದ ಬಾಕ್ಸಿಗೆ ಹೋಗೋ ಸರಳುಗಳು), ಅದರ ಬುಷ್ಷು, ಕೊನೆಗೆ ಬಾಕ್ಸ್ ಒಳಗೆ ನೋಡ್ಬೇಕು. ಇಲ್ಲೊಂದು ಸೂಕ್ಷ್ಮ ಐತೆ, ಗಾಡಿ ನಿಂತಿರೋವಾಗ ಹಲ್ಲಿಗೆ ಹಲ್ಲು ಅಡ್ಡ ಬಂದು ಒಂದೊಂದು ಗೇರ್ ಬೀಳದೇ ಇರಬಹುದು, ಗಾಡೀನ ಒಂದು ಗೇಣು ಮುಂದಕ್ಕೆ ತಳ್ಳಿ ಮತ್ತೆ ಹಾಕಿ, ಆಗ ಬಿದ್ರೆ ಅದು ದೋಷ ಅಲ್ಲ.

ಇನ್ನೊಂದು ಟೆಸ್ಟು ರಿವರ್ಸ್‌ದು. ಸುಮಾರು ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೋ ರಿಂಗ್ (ಸೇರೋ ಗೇರ್‌ಗಳನ್ನ ಒಂದೇ ಸ್ಪೀಡಿಗೆ ತರೋ ಬಳೆ) ಇರಲ್ಲ, ಅದಕ್ಕೇ ಅದು ಕ್ಲಚ್ ದೋಷಾನ ಎಲ್ಲಕ್ಕಿಂತ ಮುಂಚೆ ಹೇಳಿಬಿಡ್ತೈತೆ. ಗಾಡಿ ಪೂರ್ತಿ ನಿಂತಿರ್ಲಿ, ಎಂಜಿನ್ ಐಡ್ಲಿಂಗಲ್ಲಿರ್ಲಿ, ಕ್ಲಚ್ ಪೂರ್ತಿ ಒತ್ತಿ ಮನಸಲ್ಲೇ ನಾಲ್ಕರವರೆಗೆ ಎಣಿಸಿ ಆಮೇಲೆ ರಿವರ್ಸ್ ಹಾಕಿ. ಅಷ್ಟು ಕಾದ್ರೂ ಕರ್ರ್ ಅಂದ್ರೆ ಕ್ಲಚ್ ಬಿಡ್ತಿಲ್ಲ ಅಂತಲೇ ಅರ್ಥ. ಕಾದು ಹಾಕಿದಾಗ ಸದ್ದಿಲ್ಲ, ಅವಸರದಲ್ಲಿ ಹಾಕಿದಾಗ ಮಾತ್ರ ಸದ್ದು ಅಂದ್ರೆ ಗಾಡಿ ಸರಿ ಐತೆ, ನಾವು ಒಂಚೂರು ನಿಧಾನ ಮಾಡ್ಬೇಕು ಅಷ್ಟೇ.

ಪೆಡಲ್ ಪಂಪ್ ಮಾಡಿದಾಗ ಗೇರ್ ಬೀಳ್ತು ಅಂದ್ರೆ ಎಣ್ಣೆ ಲೈನಲ್ಲಿ ಏರ್ ಸೇರೈತೆ ಇಲ್ಲಾ ಎಲ್ಲೋ ಸೋರ್ತೈತೆ. ಬಾನೆಟ್ ತೆಗೆದು ಎಣ್ಣೆ ಡಬ್ಬಿ ಲೆವೆಲ್ ನೋಡಿ, ಎಷ್ಟೋ ಗಾಡಿಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ ಇರ್ತೈತೆ, ಹಂಗಾಗಿ ಇದನ್ನ ನಾಳೆ ನೋಡೋಣ ಅಂತ ಬಿಡೋ ಹಂಗಿಲ್ಲ. ಆಮೇಲೆ ಒಳಗೆ ಕೂತು ಕ್ಲಚ್ ಪೆಡಲ್ ಮೇಲ್ಗಡೆ, ಅದು ಗೋಡೆಗೆ ಸೇರೋ ಜಾಗದಲ್ಲಿ ಬೆರಳಾಡಿಸಿ, ಒದ್ದೆ ಇದ್ರೆ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳೋ ಭಾಗ) ಹೋಗೈತೆ. ಅಲ್ಲಿ ಒಣಗಿದ್ರೆ ಗೇರ್ ಬಾಕ್ಸ್ ಮೇಲಿರೋ ಸ್ಲೇವ್ ಸಿಲಿಂಡರ್ ರಬ್ಬರ್ ಬೂಟನ್ನ ಸ್ವಲ್ಪ ಸರಿಸಿ ನೋಡಿ, ಒಳಗಿಂದ ಎಣ್ಣೆ ಬಂದ್ರೆ ಅಲ್ಲೇ ಉತ್ತರ ಸಿಕ್ತು. ಕೆಲವು ಗಾಡೀಲಿ ಈ ಸಿಲಿಂಡರು ಬೆಲ್ ಹೌಸಿಂಗ್ (ಕ್ಲಚ್ ಮುಚ್ಚಿರೋ ಬಾಕ್ಸಿನ ಮುಂಭಾಗ) ಒಳಗೇ, ಪೆಡಲ್ ಒತ್ತಿದಾಗ ಕ್ಲಚ್ಚನ್ನ ತಳ್ಳಿ ಬಿಡಿಸೋ ರಿಲೀಸ್ ಬೇರಿಂಗ್ ಜೊತೆ ಸೇರ್ಕೊಂಡಿರ್ತೈತೆ, ಅಂಥದ್ರಲ್ಲಿ ಮಾತ್ರ ಬಾಕ್ಸ್ ಇಳಿಸದೇ ಬೇರೆ ದಾರಿ ಇಲ್ಲ. ನಿಮ್ಮ ಗಾಡೀದು ಯಾವ ಥರದ್ದು ಅಂತ ಮೊದಲೇ ತಿಳ್ಕೊಂಡಿರಿ, ಗ್ಯಾರೇಜಲ್ಲಿ ಮಾತಾಡೋಕೆ ಧೈರ್ಯ ಬರ್ತೈತೆ.

ಕೇಬಲ್ ಕ್ಲಚ್ ಇದ್ರೆ ಪೆಡಲ್ ಮೇಲ್ಗಡೆ ಸ್ವಲ್ಪ ಲೂಸ್ ಆಟ ಇರ್ಬೇಕು, ಎಷ್ಟು ಅಂತ ಗಾಡಿ ಪುಸ್ತಕದಲ್ಲಿ ಮಿಲಿಮೀಟರಲ್ಲಿ ಕೊಟ್ಟಿರ್ತಾರೆ. ಆಟ ಜಾಸ್ತಿ ಆದ್ರೆ ಕ್ಲಚ್ ಬಿಡಲ್ಲ, ಆಟವೇ ಇಲ್ಲಾಂದ್ರೆ ಕ್ಲಚ್ ಪೂರ್ತಿ ಹಿಡಿಯಲ್ಲ, ರಿಲೀಸ್ ಬೇರಿಂಗು ಸದಾ ಉಜ್ಕೊಂಡೇ ತಿರುಗ್ತೈತೆ. ಇದು ಬರೀ ನಟ್ ಅಡ್ಜಸ್ಟ್‌ಮೆಂಟು, ಹತ್ತು ನಿಮಿಷದ ಕೆಲಸ.

ಒಂದು ಎಚ್ಚರಿಕೆ, ಕ್ಲಚ್ ಡಬ್ಬಿಗೆ ಹಾಕೋದು ಬ್ರೇಕ್ ಆಯಿಲ್ಲು, ಡಾಟ್ 3 ಇಲ್ಲಾ ಡಾಟ್ 4, ಮುಚ್ಚಳದ ಮೇಲೇ ಬರೆದಿರ್ತಾರೆ. ಕೈಗೆ ಸಿಕ್ತು ಅಂತ ಎಂಜಿನ್ ಆಯಿಲ್ ಹಾಕಿದ್ರೆ ಒಳಗಿನ ರಬ್ಬರೆಲ್ಲಾ ಉಬ್ಬಿ ಬ್ರೇಕೂ ಸೇರಿ ಹಾಳಾಗ್ತೈತೆ. ಈ ಆಯಿಲ್ಲು ಗಾಳೀಲಿರೋ ನೀರಿನಂಶ ಹೀರ್ಕೊಳ್ತೈತೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸ್ಬೇಕು. ನನ್ನ ಗಾಡೀಲಿ ಆರು ವರ್ಷದಿಂದ ಯಾರೂ ಮುಟ್ಟಿರ್ಲಿಲ್ಲ, ತೆಗೆದಾಗ ಕಾಫಿ ಡಿಕಾಕ್ಷನ್ ಬಣ್ಣ ಬಂದಿತ್ತು.

ಎಂಜಿನ್ ಕೂಗ್ತೈತೆ, ಗಾಡಿ ಓಡಲ್ಲ

ಇದು ಮೇಲಿನದಕ್ಕೆ ಉಲ್ಟಾ. ಗೇರ್ ಎಲ್ಲಾ ಬೀಳ್ತಾವೆ ಆದ್ರೆ ಎಳೆಯೋದಿಲ್ಲ. ಹೈವೇಲಿ ರೋಡ್ ಖಾಲಿ ಇರೋವಾಗ 40-50 ಸ್ಪೀಡಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ಆರ್‌ಪಿಎಂ ಮುಳ್ಳು ಸರ್ರಂತ ಮೇಲೆ ಹೋಗಿ ಸ್ಪೀಡ್ ಮುಳ್ಳು ಅಲ್ಲೇ ಇದ್ರೆ ಕ್ಲಚ್ ಸ್ಲಿಪ್ ಆಗ್ತೈತೆ. ದುರ್ಗದವರು ಜೋಗಿಮಟ್ಟಿ ಏರು ಹತ್ತೋವಾಗ ಇದನ್ನ ಬೇರೆ ಟೆಸ್ಟ್ ಇಲ್ಲದೇ ಕಂಡುಹಿಡೀಬಹುದು, ಸುಟ್ಟ ವಾಸನೆ ತಾನಾಗೇ ಬರ್ತೈತೆ. ಸ್ಲಿಪ್ ಆಗೋದಕ್ಕೆ ಕ್ಲಚ್ ಪ್ಲೇಟ್ ಸವೆದಿರೋದು ಒಂದು ಕಾರಣ, ಕೇಬಲ್ ಟೈಟ್ ಆಗಿರೋದು ಇನ್ನೊಂದು, ಎಂಜಿನ್ ಹಿಂದಿನ ಸೀಲ್ ಅಥವಾ ಗೇರ್ ಬಾಕ್ಸ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ತಾಗಿರೋದು ಮತ್ತೊಂದು. ಇದ್ರಲ್ಲೂ ಗೇರ್‌ಗಳು ಹಾಳಾಗಿರಲ್ಲ, ನೆನಪಿಟ್ಕೊಳ್ಳಿ. ಬಾಕ್ಸ್ ಇಳಿಸ್ತಾರೆ ನಿಜ, ಆದ್ರೆ ಇಳಿಸೋದು ಕ್ಲಚ್ಚಿಗೋಸ್ಕರ, ಬಾಕ್ಸ್ ಬಿಚ್ಚೋದಕ್ಕಲ್ಲ. ಬಿಲ್ಲಲ್ಲಿ ಈ ಎರಡಕ್ಕೂ ದೊಡ್ಡ ವ್ಯತ್ಯಾಸ ಬರ್ತೈತೆ.

ಸದ್ದು ಯಾವಾಗ ಬರ್ತೈತೆ ಅನ್ನೋದೇ ಮುಖ್ಯ

"ಗೇರ್ ಬಾಕ್ಸಲ್ಲಿ ಸೌಂಡ್" ಅಂತ ಹೋದ್ರೆ ಯಾರಿಗೂ ಏನೂ ಗೊತ್ತಾಗಲ್ಲ. ಎಂಥ ಸದ್ದು ಅನ್ನೋದಕ್ಕಿಂತ ಯಾವಾಗ ಶುರುವಾಗಿ ಯಾವಾಗ ನಿಲ್ತೈತೆ ಅನ್ನೋದು ಹೇಳಿದ್ರೆ ಅರ್ಧ ರಿಪೇರಿ ಆದಂಗೆ. ಗ್ಲಾಸ್ ಇಳಿಸಿ, ಎಸಿ ಮತ್ತೆ ಟೇಪು ಆಫ್ ಮಾಡಿ, ಕಾಂಪೌಂಡ್ ಗೋಡೆ ಪಕ್ಕ ನಿಲ್ಸಿ ಕೇಳಿ, ಗೋಡೆ ಸದ್ದನ್ನ ವಾಪಸ್ ಕಳಿಸ್ತೈತೆ, ಚೆನ್ನಾಗಿ ಕೇಳಿಸ್ತೈತೆ.

ನ್ಯೂಟ್ರಲಲ್ಲಿ ಎಂಜಿನ್ ಓಡ್ತಿದ್ದಾಗ, ಕಾಲು ಕ್ಲಚ್ ಮೇಲೆ ಇಲ್ಲದಾಗ ಗೊರ್ರ್ ಅಂತ ಸದ್ದು ಐತೆ, ಕ್ಲಚ್ ಒತ್ತಿದ ತಕ್ಷಣ ನಿಲ್ತೈತೆ ಅಂದ್ರೆ ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಡೌಟು, ಕ್ಲಚ್ ಒತ್ತಿದಾಗ ಆ ಶಾಫ್ಟ್ ತಿರುಗೋದು ನಿಲ್ತೈತೆ, ಅದಕ್ಕೇ ಸದ್ದೂ ನಿಲ್ತೈತೆ. ಆದ್ರೆ ಬೇರಿಂಗ್ ಅಂತ ತೀರ್ಮಾನ ಮಾಡೋ ಮುಂಚೆ ಗೇರ್ ಆಯಿಲ್ ಲೆವೆಲ್ ನೋಡ್ಲೇಬೇಕು, ಎಣ್ಣೆ ಕಮ್ಮಿ ಆದ್ರೂ ಇದೇ ಸದ್ದು ಬರ್ತೈತೆ, ಎಣ್ಣೆ ಕಮ್ಮಿ ಇಟ್ಕೊಂಡೇ ಓಡಿಸಿದ್ರೆ ಆಮೇಲೆ ಬೇರಿಂಗ್ ನಿಜವಾಗ್ಲೂ ಹೋಗ್ತೈತೆ. ಇದರ ಉಲ್ಟಾ, ಕ್ಲಚ್ ಒತ್ತಿದಾಗ ಮಾತ್ರ ಕೀಂ ಅಂತ ಬಂದು ಬಿಟ್ಟಾಗ ನಿಂತ್ರೆ ರಿಲೀಸ್ ಬೇರಿಂಗು.

ಬರೀ ಮೂರನೇ ಗೇರಲ್ಲಿ ಮಾತ್ರ, ಅಥವಾ ಯಾವುದೋ ಒಂದೇ ಗೇರಲ್ಲಿ ಮಾತ್ರ ಊಳಿಡ್ತೈತೆ ಅಂದ್ರೆ ಆ ಗೇರ್ ಜೋಡಿ ಹಲ್ಲು ಇಲ್ಲಾ ಅದರ ಬೇರಿಂಗ್ ಸವೆದೈತೆ, ಇದು ಒಳಗಿನ ಕೆಲಸ, ಒಪ್ಕೋಬೇಕು. ಎಲ್ಲಾ ಗೇರಲ್ಲೂ ಐತೆ, ನ್ಯೂಟ್ರಲಿಗೆ ಹಾಕಿ ಗಾಡಿ ಉರುಳೋಕೆ ಬಿಟ್ರೂ ಐತೆ, ಸ್ಪೀಡ್ ಜೊತೆ ಏರಿ ಇಳೀತೈತೆ ಅಂದ್ರೆ ಮೊದಲು ವೀಲ್ ಬೇರಿಂಗ್ ನೋಡಿ. ಖಾಲಿ ರೋಡಲ್ಲಿ ಸ್ಟೇರಿಂಗ್ ಸ್ವಲ್ಪ ಎಡಕ್ಕೆ ಬಲಕ್ಕೆ ತೂಗಿಸಿದಾಗ ಸದ್ದು ಬದಲಾದ್ರೆ ವೀಲ್ ಬೇರಿಂಗೇ. ನಮ್ಮ ದೊಡ್ಡಪ್ಪನ ಗಾಡಿ ಹಿಂಗೇ ಆಗಿತ್ತು, ಮೂರು ತಿಂಗಳು ಗೇರ್ ಬಾಕ್ಸ್ ಅಂತ ಹೆದರ್ಕೊಂಡು ದುಡ್ಡು ಕೂಡಿಡ್ತಿದ್ರು, ಕೊನೆಗೆ ಎಡಗಡೆ ಮುಂದಿನ ವೀಲ್ ಬೇರಿಂಗ್ ಹಾಕಿದ ಮೇಲೆ ನಿಶ್ಶಬ್ದ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಯೂ ಟರ್ನ್ ಹೊಡೆಯೋವಾಗ ಟಕ ಟಕ ಟಕ ಅಂದ್ರೆ ಅದು ಆಕ್ಸಲ್ಲಿನ (ಬಾಕ್ಸಿಂದ ಚಕ್ರಕ್ಕೆ ಹೋಗೋ ಶಾಫ್ಟಿನ) ಸಿ.ವಿ. ಜಾಯಿಂಟು ಅನ್ನೋ ಕೀಲು, ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಹೋಗಿ ಮಣ್ಣು ಸೇರಿರ್ತೈತೆ. ಜಗಳೂರು ಕಡೆ ಮಣ್ಣು ರಸ್ತೇಲಿ, ಭೀಮಸಮುದ್ರದ ಕಡೆ ಅದಿರು ಲಾರಿ ಓಡಾಡೋ ರಸ್ತೇಲಿ ದಿನಾ ಓಡಾಡೋರು ಈ ಬೂಟನ್ನ ಸರ್ವಿಸ್‌ಗೆ ಬಿಟ್ಟಾಗೆಲ್ಲಾ ಟಾರ್ಚ್ ಹಾಕಿ ನೋಡ್ಸಿ.

ಎರಡನೇ ಗೇರ್ ಕರ್ರ್ ಅನ್ನೋದು, ಗೇರ್ ತಾನೇ ಹೊರಗೆ ಬರೋದು

ಬೆಳಿಗ್ಗೆ ಎದ್ದು ಫಸ್ಟ್ ಗಾಡಿ ತೆಗೆದಾಗ ಸೆಕೆಂಡ್ ಗೇರ್ ಒಂಚೂರು ಗಟ್ಟಿ ಇದ್ದು ನಾಲ್ಕೈದು ಕಿಲೋಮೀಟರ್ ಆದ್ಮೇಲೆ ಸರಿಹೋದ್ರೆ ಭಯ ಬೇಡ, ತಣ್ಣಗಿರೋ ಎಣ್ಣೆ ದಪ್ಪ ಇರ್ತೈತೆ. ಬಿಸಿ ಆದ್ಮೇಲೂ ಕರ್ರ್ ಅನ್ನೋದು, ಅದೂ ಬೇಗ ಹಾಕಿದಾಗ ಕರ್ರ್, ನಿಧಾನ ಹಾಕಿದ್ರೆ ಸರಿ ಅಂದ್ರೆ ಸಿಂಕ್ರೋ ರಿಂಗ್ ಸವೀತಾ ಐತೆ. ಸಿಂಕ್ರೋ ರಿಂಗ್ ಅಂದ್ರೆ ಹೆಚ್ಚಾಗಿ ಹಿತ್ತಾಳೆದು, ಎರಡು ಬೇರೆ ಬೇರೆ ಸ್ಪೀಡಲ್ಲಿ ತಿರುಗೋ ಭಾಗಗಳನ್ನ ಉಜ್ಜಿ ಒಂದೇ ಸ್ಪೀಡಿಗೆ ತರೋದು ಅದರ ಕೆಲಸ, ನಾವು ಲಿವರ್ ಗುದ್ದಿದಷ್ಟೂ ಅದು ಸವೀತೈತೆ. ಖಚಿತ ಮಾಡ್ಕೊಳ್ಳೋಕೆ ಹಳೇ ಲಾರಿ ಡ್ರೈವರ್‌ಗಳ ಥರ ಡಬಲ್ ಕ್ಲಚ್ ಮಾಡಿ ನೋಡಿ: ಮೂರರಿಂದ ಎರಡಕ್ಕೆ ಇಳಿಸೋವಾಗ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್ ಒತ್ತಿ ಸೆಕೆಂಡ್. ಹಿಂಗೆ ಮಾಡಿದಾಗ ಸದ್ದಿಲ್ಲದೇ ಬಿದ್ರೆ ಕ್ಲಚ್ ಸರಿ ಐತೆ, ಸಿಂಕ್ರೋ ಹೋಗೈತೆ. ಎಲ್ಲಾ ಗೇರೂ ಕರ್ರ್ ಅಂದ್ರೆ ಮತ್ತೆ ಕ್ಲಚ್ ಕಡೆ ಹೋಗಿ, ನಾಲ್ಕೈದು ಸಿಂಕ್ರೋ ಒಂದೇ ದಿನ ಹೋಗೋದು ತೀರಾ ಅಪರೂಪ.

ಗೇರ್ ತಾನಾಗೇ ನ್ಯೂಟ್ರಲಿಗೆ ಬಂದುಬಿಡೋದು ಅಪಾಯದ್ದು, ಓವರ್‌ಟೇಕ್ ಮಧ್ಯೆ ಆದ್ರೆ ಏನ್ ಗತಿ ಯೋಚನೆ ಮಾಡಿ. ಮೊದಲು ಮೌಂಟಿಂಗ್ ನೋಡ್ಸಿ. ಎಂಜಿನ್ ಮತ್ತೆ ಗೇರ್ ಬಾಕ್ಸ್ ರಬ್ಬರ್ ಮೌಂಟಿಂಗ್ ಹರಿದಿದ್ರೆ ಆಕ್ಸಿಲರೇಟರ್ ಒತ್ತಿದಾಗ, ಬಿಟ್ಟಾಗ ಇಡೀ ಎಂಜಿನ್ ಮುಂದಕ್ಕೆ ಹಿಂದಕ್ಕೆ ವಾಲಿ ಲಿಂಕೇಜನ್ನ ಎಳೆದು ಗೇರ್ ಹೊರಗೆ ತಂದುಬಿಡ್ತೈತೆ. ಬಾನೆಟ್ ತೆಗೆದು, ನ್ಯೂಟ್ರಲಲ್ಲಿಟ್ಟು ಒಬ್ರು ಒಂದೆರಡು ಸಲ ರೇಸ್ ಮಾಡ್ಲಿ, ಇನ್ನೊಬ್ರು ಪಕ್ಕದಲ್ಲಿ ನಿಂತು ನೋಡ್ಲಿ, ಗಾಡಿ ಮುಂದೆ ಮಾತ್ರ ನಿಲ್ಲಬೇಡಿ. ಎಂಜಿನ್ ಗಡಗಡ ಅಂತ ಕುಣಿದ್ರೆ ಮೌಂಟಿಂಗ್ ಹೋಗೈತೆ. ಮೌಂಟಿಂಗ್, ಕೇಬಲ್, ಬುಷ್ ಎಲ್ಲಾ ಸರಿ ಇದ್ದೂ ಹೊರಗೆ ಬರ್ತೈತೆ ಅಂದ್ರೆ ಒಳಗೆ ಶಿಫ್ಟರ್ ಫೋರ್ಕು (ಗೇರ್ ಸೇರಿಸೋಕೆ ತಳ್ಳೋ ಕವೆ), ಗೇರನ್ನ ಹಿಡಿದಿಡೋ ಬಾಲ್ ಸ್ಪ್ರಿಂಗು, ಇಲ್ಲಾ ಹಬ್ಬಿನ ಹಲ್ಲು ಸವೆದಿರ್ತೈತೆ. ಫೋರ್ಕ್ ಸವೆಯೋದಕ್ಕೆ ಒಂದು ಕಾರಣ ನಮ್ಮ ಕೈಯೇ. ಎಷ್ಟೋ ಜನ ಎಡಗೈನ ಗೇರ್ ಲಿವರ್ ಮೇಲೆ ಇಟ್ಕೊಂಡೇ ಓಡಿಸ್ತಾರೆ, ಆ ಭಾರ ಫೋರ್ಕ್ ಮೂಲಕ ತಿರುಗ್ತಿರೋ ಸ್ಲೀವ್ (ಫೋರ್ಕ್ ಸರಿಸೋ ಬಳೆ) ಮೇಲೆ ಬಿದ್ದು ಎರಡೂ ಉಜ್ಕೊಂಡು ಸವೀತಾವೆ.

ಗೇರ್ ಆಯಿಲ್, ಎಲ್ಲರೂ ಮರೆಯೋದು ಇದನ್ನೇ

ಎಂಜಿನ್ ಆಯಿಲ್ ಎಲ್ಲರೂ ಟೈಮಿಗೆ ಬದಲಾಯಿಸ್ತಾರೆ, ಗೇರ್ ಆಯಿಲ್ ಮಾತ್ರ ಗಾಡಿ ತಗೊಂಡಾಗಿಂದ ಮಾರೋವರೆಗೂ ಅದೇ ಇರ್ತೈತೆ. "ಅದು ಲೈಫ್‌ಟೈಮ್ ಸರ್" ಅಂತಾರೆ. ಒಳಗೆ ಲೋಹಕ್ಕೆ ಲೋಹ ಉಜ್ಜೋವಾಗ ಬರೋ ಪುಡಿ ಎಲ್ಲಿಗೂ ಹೋಗಲ್ಲ, ಸುಮಾರು ಮ್ಯಾನುಯಲ್ ಬಾಕ್ಸಲ್ಲಿ ಎಂಜಿನ್ ಥರ ಫಿಲ್ಟರೂ ಇರಲ್ಲ, ಆ ಎಣ್ಣೆನೇ ಅದನ್ನ ಹೊತ್ಕೊಂಡು ತಿರುಗ್ಬೇಕು. ನಿಮ್ಮ ಪುಸ್ತಕದಲ್ಲಿ ಎಷ್ಟು ಕಿಲೋಮೀಟರ್ ಅಂತ ಐತೋ ಅದೇ ಪ್ರಮಾಣ, ನಾನಂತೂ 40,000 ಕಿ.ಮೀ.ಗೆ ಒಂದ್ಸಲ ಬದಲಾಯಿಸ್ತೀನಿ, ನಮ್ಮ ಕಡೆ ಏಪ್ರಿಲ್ ಮೇ ಬಿಸಿಲು, ಧೂಳು, ಸಿಟೀಲಿ ನಿಂತು ನಿಂತು ಹೋಗೋದು ನೋಡಿದ್ರೆ ಅದು ಜಾಸ್ತಿ ಅನ್ಸಲ್ಲ. ಸಣ್ಣ ಕಾರಿಗೆ ಎರಡು ಲೀಟರ್ ಆಚೀಚೆ ಹಿಡಿಯುತ್ತೆ, ಅಷ್ಟಕ್ಕೆ ಜಿಪುಣತನ ಮಾಡಬೇಡಿ.

ಯಾವ ಆಯಿಲ್ ಅನ್ನೋದ್ರಲ್ಲಿ ತುಂಬಾ ತಪ್ಪಾಗ್ತೈತೆ. ಅಂಗಡೀಲಿ "ಗೇರ್ ಆಯಿಲ್ ಕೊಡಿ" ಅಂದ್ರೆ ಯಾವುದೋ ಒಂದು ಡಬ್ಬಿ ಕೊಡ್ತಾರೆ. ಡಬ್ಬಿ ಮೇಲೆ ಎರಡು ವಿಷಯ ನೋಡಿ. ಒಂದು ದಪ್ಪ, 75ಡಬ್ಲ್ಯು-80, 75ಡಬ್ಲ್ಯು-90 ಅಂತ ಬರೆದಿರ್ತೈತೆ. ಇನ್ನೊಂದು ಜಿಎಲ್-4 ಇಲ್ಲಾ ಜಿಎಲ್-5. ಐದು ನಾಲ್ಕಕ್ಕಿಂತ ದೊಡ್ಡದು, ಹಂಗಾಗಿ ಒಳ್ಳೇದು ಅಂತ ಅಂದ್ಕೊಂಡು ಹಾಕಿಬಿಡ್ತಾರೆ, ಅದು ಹಂಗಲ್ಲ. ಜಿಎಲ್-5ರಲ್ಲಿ ಗಂಧಕ, ರಂಜಕದ ಸೇರ್ಪಡೆ ಜಾಸ್ತಿ, ಅದು ಬೊಲೆರೋ, ಇನ್ನೋವಾ ಕ್ರಿಸ್ಟಾ ಥರ ಹಿಂದಿನ ಚಕ್ರದಿಂದ ಓಡೋ ಗಾಡಿಗಳ ಹಿಂದಿನ ಆಕ್ಸಲ್ ಮಧ್ಯದ ಕ್ರೌನ್ ಗೇರಿಗೆ ಬೇಕಾಗಿರೋದು, ಅಲ್ಲಿ ಹಲ್ಲುಗಳು ಭಾರೀ ಒತ್ತಡದಲ್ಲಿ ಜಾರ್ತಾ ಉಜ್ತಾವೆ. ಅದನ್ನೇ ತಂದು ಹಿತ್ತಾಳೆ ಸಿಂಕ್ರೋ ಇರೋ ಬಾಕ್ಸಿಗೆ ಹಾಕಿದ್ರೆ ಹಿತ್ತಾಳೆಯನ್ನ ಆ ಸೇರ್ಪಡೆ ತಿನ್ನಬಹುದು, ಸಾಲದ್ದಕ್ಕೆ ಜಾರಿಕೆ ಜಾಸ್ತಿ ಆಗಿ ಸಿಂಕ್ರೋ ಹಿಡಿತ ಸಿಗದೇ ಗೇರ್ ಕರ್ರ್ ಅನ್ನೋಕೆ ಶುರುವಾಗ್ತೈತೆ. ಪುಸ್ತಕದಲ್ಲಿ ಜಿಎಲ್-4 ಅಂತಿದ್ರೆ ಜಿಎಲ್-4ನ್ನೇ ಹಾಕ್ಸಿ. ಆಯಿಲ್ ಬದಲಾಯಿಸಿದ ಮೇಲೇ ಗೇರ್ ಗಟ್ಟಿ ಆಯ್ತು ಅಂತ ಯಾರಾದ್ರೂ ಅಂದ್ರೆ ನಾನು ಮೊದಲು ಕೇಳೋ ಪ್ರಶ್ನೆ ಯಾವ ಡಬ್ಬಿ ಹಾಕಿದ್ರು ಅನ್ನೋದು.

ಎಣ್ಣೆ ಇಳಿಸೋ ದಿನ ಗಾಡೀನ ದಾವಣಗೆರೆ ಹತ್ರದ ಬಾತಿವರೆಗೂ ಓಡಿಸ್ಕೊಂಡು ಬನ್ನಿ, ಬೆಚ್ಚಗಾದ ಎಣ್ಣೆ ಕೆಸರನ್ನೂ ಹೊತ್ಕೊಂಡು ಪೂರ್ತಿ ಇಳೀತೈತೆ. ಗಾಡಿ ಸಮ ಇರ್ಬೇಕು, ಮುಂದಗಡೆ ಮಾತ್ರ ಜಾಕ್ ಹಾಕಿ ಎತ್ತಿದ್ರೆ ಲೆವೆಲ್ ತಪ್ಪು ತೋರಿಸ್ತೈತೆ, ಬರೀ ಜಾಕ್ ಮೇಲೆ ನಿಂತಿರೋ ಗಾಡಿ ಕೆಳಗೆ ಮಲಗೋದಂತೂ ಯಾವತ್ತೂ ಬೇಡ. ಮೊದಲು ಬಿಚ್ಚಬೇಕಾಗಿರೋದು ಪಕ್ಕದಲ್ಲಿರೋ ಎಣ್ಣೆ ತುಂಬೋ ಪ್ಲಗ್ಗು, ಕೆಳಗಿನದ್ದಲ್ಲ. ಕೆಳಗಿಂದ ಎಲ್ಲಾ ಸುರಿದ ಮೇಲೆ ಮೇಲಿನ ಪ್ಲಗ್ ಜಾಮ್ ಆಗಿ ಬರ್ಲಿಲ್ಲ ಅಂದ್ರೆ ಗಾಡಿ ಅಲ್ಲೇ ಕೂತ್ಕೊಳ್ತೈತೆ. ಹೊಸ ಎಣ್ಣೆನ ಪೈಪು ಫನೆಲ್ ಇಟ್ಟು ಹಾಕಿ, ಸುಮಾರು ಗಾಡೀಲಿ ಆ ತೂತಿನ ಕೆಳ ಅಂಚಿಗೆ ಬಂದು ತೊಟ್ಟಿಕ್ಕೋಕೆ ಶುರುವಾದ್ರೆ ಲೆವೆಲ್ ಸರಿ. ವಾಷರ್ ಹೊಸದು ಹಾಕಿ, ಪ್ಲಗ್ಗನ್ನ ಮೈಮೇಲೆ ಬಿದ್ದು ಟೈಟ್ ಮಾಡಬೇಡಿ, ಬಾಕ್ಸ್ ಮೈ ಅಲ್ಯೂಮಿನಿಯಂದು, ಥ್ರೆಡ್ ಹೋದ್ರೆ ಕಷ್ಟ.

ಇಳಿದ ಎಣ್ಣೆನ ಬಿಸಾಕೋ ಮುಂಚೆ ನೋಡಿ, ಒಳಗಿನ ಆರೋಗ್ಯ ಪೂರ್ತಿ ಅದರಲ್ಲೇ ಐತೆ. ಕೆಳಗಿನ ಪ್ಲಗ್ಗಲ್ಲಿ ಅಯಸ್ಕಾಂತ ಇದ್ರೆ ಅದಕ್ಕೆ ಬೂದು ಬಣ್ಣದ ನುಣ್ಣನೆ ಕೆಸರು ಹತ್ತಿರ್ತೈತೆ, ಅದು ಮಾಮೂಲು. ಬೆರಳಲ್ಲಿ ಉಜ್ಜಿದಾಗ ಚೂರು ಚೂರು ಸಿಕ್ಕಿದ್ರೆ, ಹಲ್ಲಿನ ತುಂಡು ಸಿಕ್ಕಿದ್ರೆ ಬಾಕ್ಸ್ ಬಿಚ್ಚಲೇಬೇಕು, ತಡ ಮಾಡಿದಷ್ಟೂ ಆ ಚೂರು ಬೇರೆ ಹಲ್ಲನ್ನೂ ಮುರೀತೈತೆ. ಎಣ್ಣೆನ ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿ ಥರ ಮಿಂಚಿದ್ರೆ ಅದು ಹಿತ್ತಾಳೆ, ಸಿಂಕ್ರೋ ರಿಂಗ್ ಸವೀತಾ ಐತೆ. ಹಾಲು ಹಾಕಿದ ಟೀ ಥರ ಬಂದ್ರೆ ನೀರು ಸೇರೈತೆ, ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸಲ್ಲಿ ನಿಂತ ನೀರಲ್ಲಿ ಗಾಡಿ ಇಳಿಸಿದೋರಿಗೆ ಹಿಂಗಾಗ್ತೈತೆ, ಬಾಕ್ಸ್ ಉಸಿರಾಡೋ ಬ್ರೀದರ್ ಮೂಲಕ, ಆಕ್ಸಲ್ ಸೀಲ್ ಮೂಲಕ ನೀರು ಒಳಗೆ ಹೋಗ್ತೈತೆ. ಅಂಥ ಎಣ್ಣೆ ಒಂದು ವಾರವೂ ಇಟ್ಕೋಬೇಡಿ.

ನಮ್ಮೂರಲ್ಲಿ ಓಡಿಸೋ ರೀತಿ

ರೈಲ್ವೆ ಗೇಟ್ ಬಿದ್ದಾಗ ನೋಡಿ, ಅರ್ಧಕ್ಕರ್ಧ ಗಾಡಿಗಳು ಫಸ್ಟ್ ಗೇರಲ್ಲಿ ಕ್ಲಚ್ ಒತ್ಕೊಂಡೇ ನಿಂತಿರ್ತಾವೆ. ಅಷ್ಟೊತ್ತು ರಿಲೀಸ್ ಬೇರಿಂಗ್ ಭಾರ ಹೊತ್ಕೊಂಡು ತಿರುಗ್ತೈತೆ. ನ್ಯೂಟ್ರಲಿಗೆ ಹಾಕಿ ಕಾಲು ತೆಗೀರಿ, ಗೇಟ್ ಬಿದ್ರೆ ಎಂಜಿನ್ನೂ ಆಫ್ ಮಾಡಿ. ಮೆಕ್ಕೆಜೋಳದ ಸೀಸನ್ನಲ್ಲಿ ಟ್ರ್ಯಾಕ್ಟರ್ ಟ್ರಾಲಿ ಹಿಂದೆ ಆಮೆ ನಡಿಗೆ ಹೋಗೋವಾಗ ಎರಡನೇ ಗೇರಲ್ಲಿ ಹಾಫ್ ಕ್ಲಚ್ ಹಿಡ್ಕೊಂಡು ತೆವಳಿಸ್ತೀವಲ್ಲ, ಆಗ ಪ್ಲೇಟು ಉಜ್ಜಿ ಬಿಸಿ ಆಗಿ ಸುಡ್ತೈತೆ, ಫಸ್ಟಿಗೆ ಇಳಿಸಿ ಕ್ಲಚ್ ಪೂರ್ತಿ ಬಿಟ್ಟು ಹೋಗಿ, ಇಲ್ಲಾ ಸ್ವಲ್ಪ ಗ್ಯಾಪ್ ಬಿಟ್ಟು ನಿಂತು ಹೋಗಿ. ಏರಲ್ಲಿ ನಿಲ್ಸೋಕೆ ಹ್ಯಾಂಡ್ ಬ್ರೇಕ್ ಐತೆ, ಕ್ಲಚ್ ಅದಕ್ಕಲ್ಲ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಓವರ್‌ಟೇಕಿಗೆ ಅಂತ 100ರ ಸ್ಪೀಡಲ್ಲಿ ಅವಸರದಿಂದ ಐದರಿಂದ ನಾಲ್ಕಕ್ಕೆ ಹಾಕೋ ಬದಲು ಎರಡಕ್ಕೆ ಬಿದ್ರೆ ಎಂಜಿನ್, ಕ್ಲಚ್, ಬಾಕ್ಸ್ ಮೂರಕ್ಕೂ ಒಂದೇ ಏಟಿಗೆ ಪೆಟ್ಟು, ಲಿವರನ್ನ ಮುಷ್ಟೀಲಿ ಹಿಡಿದು ಎಳೀಬೇಡಿ, ಅಂಗೈಯಲ್ಲಿ ಮೆತ್ತಗೆ ತಳ್ಳಿ, ಸ್ಪ್ರಿಂಗ್ ತಾನೇ ಸರಿಯಾದ ಸಾಲಿಗೆ ತರ್ತೈತೆ. ಗಾಡಿ ಪೂರ್ತಿ ನಿಲ್ಲದೇ ರಿವರ್ಸ್ ಹಾಕೋದು ನಮ್ಮೂರ ಸಂತೆ ಪಾರ್ಕಿಂಗಲ್ಲಿ ದಿನಾ ಕೇಳಿಸೋ ಸದ್ದು, ಕೇಳಿದಾಗೆಲ್ಲಾ ಹೊಟ್ಟೆ ಉರೀತೈತೆ.

ಆಟೋಮ್ಯಾಟಿಕ್ ಇರೋರಿಗೆ

ಆಟೋಮ್ಯಾಟಿಕ್ ಅಂದ್ರೆ ಎಲ್ಲಾ ಒಂದೇ ಅಲ್ಲ. ಎಎಮ್‌ಟಿ ಅಂದ್ರೆ ಒಳಗೆ ಮಾಮೂಲಿ ಗೇರ್ ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟೇ, ಅದನ್ನ ಒತ್ತೋದು ನಮ್ಮ ಕಾಲಿನ ಬದಲು ಆಕ್ಚುಯೇಟರ್, ನಮ್ಮ ದೇಶದಲ್ಲಿ 2014ರಲ್ಲಿ ಸೆಲೆರಿಯೋ ಜೊತೆ ಬಂದು ಹಬ್ಬಿದ್ದು. ಹಂಗಾಗಿ ಏರಲ್ಲಿ ಆಕ್ಸಿಲರೇಟರ್ ಒತ್ತಿ ಗಾಡಿ ನಿಲ್ಸಿದ್ರೆ ಇಲ್ಲೂ ಪ್ಲೇಟ್ ಸುಡ್ತೈತೆ. ಎಎಮ್‌ಟೀಲಿ ಗೇರ್ ವಾರ್ನಿಂಗ್ ಬಂದ್ರೆ ಮೊದಲು ಬ್ಯಾಟರಿ ಚೆಕ್ ಮಾಡ್ಸಿ, ವೋಲ್ಟೇಜ್ ಕಮ್ಮಿ ಆದ್ರೂ ಅದು ಬರ್ತೈತೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತೀನ ಎಣ್ಣೆ ಮೂಲಕ ಬಾಕ್ಸಿಗೆ ದಾಟಿಸೋದು) ಇರೋದ್ರಲ್ಲಿ ಲಿವರನ್ನ 'ಡಿ'ಗೆ ಹಾಕಿದ ಮೇಲೆ ಎರಡು ಮೂರು ಸೆಕೆಂಡ್ ತಡೆದು ಧಡ್ ಅಂತ ಹಿಡಿದ್ರೆ ಎಣ್ಣೆ ನೋಡ್ಸಿ, ಆ ಎಣ್ಣೆ ಹೆಚ್ಚಾಗಿ ಕೆಂಪಗೆ ಇರ್ತೈತೆ, ಕಂದು ಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದ್ರೆ ಒಳಗೆ ಕ್ಲಚ್ ಸುಟ್ಟಿದೆ. ಸಿವಿಟಿಗೆ (ಹಲ್ಲಿನ ಗೇರ್ ಬದಲು ಬೆಲ್ಟ್ ಮೇಲೆ ಓಡೋದು) ಅದರದ್ದೇ ಬೇರೆ ಎಣ್ಣೆ, ಒಂದರದ್ದು ಇನ್ನೊಂದಕ್ಕೆ ಹಾಕೋ ಹಂಗೇ ಇಲ್ಲ. ಕೆಟ್ಟು ನಿಂತ ಈ ಎರಡು ಥರದ ಆಟೋಮ್ಯಾಟಿಕ್ ಗಾಡೀನ ಹಗ್ಗ ಕಟ್ಟಿ ಎಳೆಸಬೇಡಿ, ಎಂಜಿನ್ ಆಫ್ ಇದ್ದಾಗ ಎಣ್ಣೆ ಪಂಪ್ ಓಡಲ್ಲ, ಚಕ್ರ ತಿರುಗಿದ್ರೆ ಒಳಗೆ ಒಣಗಿದಂಗೇ ಉಜ್ತೈತೆ, ಹಿರಿಯೂರಿಂದ ತಂದ್ರೂ ಸರಿ, ಪೂರ್ತಿ ಮೇಲೆತ್ತೋ ಗಾಡೀಲೇ ತನ್ನಿ.

ಬಾಕ್ಸ್ ಇಳಿಸ್ಲೇಬೇಕು ಅಂತಾದ್ರೆ

ಮೇಲಿನದೆಲ್ಲಾ ನೋಡಿ ನಿಜವಾಗ್ಲೂ ಇಳಿಸೋ ಪರಿಸ್ಥಿತಿ ಬಂದ್ರೆ ಕೂಲಿ ಒಂದ್ಸಲ ಕೊಟ್ಟು ಎಲ್ಲಾ ಮುಗಿಸ್ಕೊಳ್ಳಿ. ಪ್ಲೇಟು ಸವೆದಿದ್ರೆ ಪ್ಲೇಟು, ಪ್ರೆಷರ್ ಪ್ಲೇಟು (ಪ್ಲೇಟನ್ನ ಫ್ಲೈವೀಲಿಗೆ ಒತ್ತಿ ಹಿಡಿಯೋದು), ರಿಲೀಸ್ ಬೇರಿಂಗ್ ಮೂರೂ ಸೆಟ್ಟಾಗಿ ಹಾಕ್ಸಿ, ಫ್ಲೈವೀಲ್ ಮೇಲೆ ಸುಟ್ಟ ನೀಲಿ ಕಲೆ, ಬಿರುಕು ಐತಾ ನೋಡ್ಸಿ, ಎಂಜಿನ್ ಹಿಂದಿನ ಆಯಿಲ್ ಸೀಲೂ ಆಕ್ಸಲ್ ಸೀಲೂ ಅದೇ ಕೈಲಿ ಬದಲಾಯಿಸ್ಬಿಡ್ಲಿ. ಹಳೇ ಪಾರ್ಟ್ಸ್ ವಾಪಸ್ ಕೇಳಿ, ಸವೆದಿರೋದನ್ನ ಬೆರಳಿಟ್ಟು ತೋರಿಸಿ ಅನ್ನಿ, ಒಳ್ಳೇ ಮೇಸ್ತ್ರಿಗಳು ಇದಕ್ಕೆ ಬೇಜಾರಾಗಲ್ಲ, ಖುಷಿಯಿಂದ ತೋರಿಸ್ತಾರೆ.

ಗಾಡಿ ಮನೆಗೆ ತಂದ ರಾತ್ರಿ ಅಡಿಯಲ್ಲಿ ಹಳೇ ಪೇಪರ್ ಹಾಸಿಡಿ, ಬೆಳಿಗ್ಗೆ ಎದ್ದು ನೋಡಿ. ಮುಂದಿನ ಚಕ್ರದ ಒಳಗಡೆ, ಆಕ್ಸಲ್ ಬಾಕ್ಸಿಗೆ ಸೇರೋ ಕಡೆ ದಪ್ಪ ಎಣ್ಣೆ ತೊಟ್ಟು ಬಿದ್ದು ಗಂಧಕದ ಘಾಟು ವಾಸನೆ ಇದ್ರೆ ಆಕ್ಸಲ್ ಸೀಲ್ ಸರಿ ಕೂತಿಲ್ಲ. ಎಂಜಿನ್ನಿಗೂ ಬಾಕ್ಸಿಗೂ ಮಧ್ಯದ ಜಾಯಿಂಟ್ ಕೆಳಗೆ ಕಪ್ಪು ಎಣ್ಣೆ ಬಿದ್ದಿದ್ರೆ ಎಂಜಿನ್ ಹಿಂದಿನ ಸೀಲು. ತೆಳ್ಳಗೆ, ಹಳದಿ ಛಾಯೆ, ಬೆರಳಿಗೆ ಜಾರೋ ಥರ ಇದ್ರೆ ಕ್ಲಚ್ಚಿನ ಬ್ರೇಕ್ ಆಯಿಲ್ಲು. ಆ ಪೇಪರನ್ನ ಹಂಗೇ ಮಡಚದೇ ಹಿಡ್ಕೊಂಡು ಹೋಗಿ ಮೇಸ್ತ್ರಿಗೆ ತೋರಿಸಿ, ತೊಟ್ಟು ಎಲ್ಲಿ ಬಿದ್ದಿತ್ತು ಅಂತ ಪೆನ್ನಲ್ಲಿ ಗುರುತು ಹಾಕ್ಕೊಂಡಿರಿ.